ಬೆರಳಿಗೆ ಕಲಿಸಿದ ಆಟ

ಭಾಗ್ಯ, ಯೋಚನೆ ಮಾಡುವ ತಲೆ ನಿನಗಿಲ್ಲ ಎಂದು ನಿನ್ನ ಅಪ್ಪನಿಗೆ ನಾನು ಹೇಳಿದ್ದು ಸುಳ್ಳು. ಹೇಳುತ್ತಿರುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅದಕ್ಕೂ ಮೂರು ವರ್ಷ ಹಿಂದೆ ನರಸೀಪುರದಲ್ಲಿ ಒಬ್ಬ ಹಿರಿಯರು, ಈ ಮಗುವನ್ನು ನನ್ನ ಹತ್ತಿರ ಕಳಿಸು ಎಂದು ನನ್ನನ್ನು ಕೇಳಿಕೊಂಡಿದ್ದರು. ಆ ಮಾತನ್ನೂ ನಿನ್ನಿಂದ, ನಿನ್ನ ಅಪ್ಪನಿಂದ ಮುಚ್ಚಿಟ್ಟೆ. ಯಾರೂ ನನ್ನ ಕೈಯಲ್ಲಿ ಇದನ್ನು ಮಾಡಿಸಲಿಲ್ಲ — ನಾನೇ ಮಾಡಿದೆ, ಬುದ್ಧಿ ನೆಟ್ಟಗಿದ್ದಾಗಲೇ ಮಾಡಿದೆ.

ನಿನಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮಕ್ಕಳನ್ನು ಚೆಸ್ ಕ್ಲಾಸಿಗೆ ಬಿಟ್ಟು ಹೊರಗೆ ಕಾಯುವ ಅಪ್ಪ ಅಮ್ಮಂದಿರು ಯಾರಾದರೂ ಇದನ್ನು ಓದಿದರೆ ಅವರಿಗೂ ತಲೆಬುಡ ತಿಳಿಯಲಿ ಎಂದು.

ನಾನು ಮೂಲತಃ ಟೈಪಿಂಗ್ ಮೇಷ್ಟ್ರು. ನಂಜನಗೂಡಿನ ಬಜಾರಿನಲ್ಲಿ ಒಂದು ಮಹಡಿಯ ಮೇಲೆ ಇಪ್ಪತ್ತೆರಡು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ನಾಲ್ಕು ಸಾಲು ಮೇಜು, ಹದಿನಾರು ಮಿಷನ್ನು. ನನ್ನ ಪಾಠದ ಮೊದಲ ನಿಯಮವೆಂದರೆ ಕೀಲಿಗಳನ್ನು ನೋಡಬಾರದು. ನೋಡುವವರ ಮಿಷನ್ನಿನ ಮೇಲೆ ರಟ್ಟು ಕಟ್ಟಿಬಿಡುತ್ತಿದ್ದೆ. ಎ ಎಸ್ ಡಿ ಎಫ್, ಎ ಎಸ್ ಡಿ ಎಫ್ — ತಿಂಗಳುಗಟ್ಟಲೆ ಅದೇ. ಯೋಚಿಸಿದರೆ ವೇಗ ಹೋಯಿತು. ತಲೆಯನ್ನು ಮನೆಯಲ್ಲಿ ಬಿಟ್ಟು ಬನ್ನಿ, ಬೆರಳನ್ನು ಮಾತ್ರ ತನ್ನಿ ಎಂದು ತಮಾಷೆ ಮಾಡುತ್ತಿದ್ದೆ. ಮಕ್ಕಳು ನಗುತ್ತಿದ್ದರು, ಪಾಸೂ ಆಗುತ್ತಿದ್ದರು. ನನ್ನ ಕೈಯಲ್ಲಿ ಕಲಿತವರು ಈ ಸುತ್ತಿನ ಎಷ್ಟೋ ಕಚೇರಿಗಳಲ್ಲಿ ಇದ್ದಾರೆ. ಟೈಪಿಂಗಿಗೆ ಆ ವಿಧಾನ ಸರಿಯಾಗಿಯೇ ಇತ್ತು, ಅದರಲ್ಲಿ ನನಗೆ ಅನುಮಾನವಿಲ್ಲ.

ಕಂಪ್ಯೂಟರು ಬಂತು. ಒಂದು ದಿನ ಗುಜರಿಯವನು ಬಂದು ಹದಿನಾರೂ ಮಿಷನ್ನುಗಳನ್ನು ಹಗ್ಗ ಹಾಕಿ ಮೆಟ್ಟಿಲಿಳಿಸಿಕೊಂಡು ಹೋದ. ಮೇಜುಗಳು ಉಳಿದವು. ಆರು ತಿಂಗಳು ಆ ಖಾಲಿ ಕೋಣೆಗೆ ಬೀಗ ತೆಗೆದು ಕೂತು ಪೇಪರ್ ಓದಿ ಮತ್ತೆ ಬೀಗ ಹಾಕಿಕೊಂಡು ಬರುತ್ತಿದ್ದೆ. ಮೇಷ್ಟ್ರೇ ಎಂದು ಕರೆಯುವವರಿಲ್ಲದ ಬದುಕನ್ನು ಸಹಿಸಲು ನನ್ನಿಂದಾಗಲಿಲ್ಲ. ಚಿಕ್ಕಂದಿನಲ್ಲಿ ಕಲಿತಿದ್ದ ಚೆಸ್ ಒಂದು ನೆನಪಿತ್ತು. ಅದೇ ಕೋಣೆ, ಅದೇ ಮೇಜು, ಹೊರಗೆ ಬೋರ್ಡು ಮಾತ್ರ ಬದಲಾಯಿತು. ವಿಧಾನವೂ ಬದಲಾಗಬೇಕಿತ್ತಲ್ಲ — ಬದಲಾಗಲಿಲ್ಲ.

ಬೇರೆ ವಿಧಾನ ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಗೊತ್ತಿತ್ತು. ನಾನು ಬೆಳೆದದ್ದು ಟಿ. ನರಸೀಪುರದಲ್ಲಿ. ಅಲ್ಲಿ ಹೊಳೆಗೆ ಇಳಿಯುವ ಬೀದಿಯಲ್ಲಿ ರಾಚಪ್ಪನವರೆಂಬ ಟೈಲರ್ ಇದ್ದರು. ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಸದಾ ಹಾಸಿಟ್ಟ ಚೆಸ್ ಬೋರ್ಡು. ಕಾಯಿಗಳು ಮಾತ್ರ ಅವರ ಹತ್ತಿರ, ರವಿಕೆ ಬಟ್ಟೆಯ ಚೂರುಗಳಲ್ಲಿ ಹೊಲಿದ ಒಂದು ಚೀಲದಲ್ಲಿ. ಕಲಿಯುತ್ತೇನೆಂದು ಹೋದವನಿಗೆ ಆ ಚೀಲದಿಂದ ಅವರು ಕೊಟ್ಟದ್ದು ಒಂದು ರಾಜ, ಒಂದು ಕಾಲಾಳು. ಎದುರಿಗೆ ಅವರದೊಂದು ಒಂಟಿ ರಾಜ. ಎರಡು ತಿಂಗಳು ಅಷ್ಟೇ. ಉಳಿದ ಕಾಯಿ ಕೊಡಿ ಎಂದು ಗೋಗರೆದರೆ, "ಇರೋ ಎರಡ್ನ ನೆಟ್ಗೆ ನಡ್ಸಕ್ಕೆ ಬತ್ತದಾ ನಿಂಗೆ? ಬರ್ಲಿ, ಆಮೇಲೆ ಮೂರ್ನೇದು," ಎನ್ನುತ್ತಿದ್ದರು.

ಆ ಎರಡೇ ಕಾಯಿಯಲ್ಲಿ ಏನಿತ್ತೆಂದರೆ — ಎಲ್ಲರೂ ಮೊದಲು ಕಾಲಾಳನ್ನೇ ತಳ್ಳುತ್ತಾರೆ. ಅದು ಕೊನೆಯ ಮನೆ ಮುಟ್ಟಿದರೆ ರಾಣಿಯಾಗುತ್ತದಲ್ಲ, ಆ ಆಸೆಗೆ. ಅವಸರದಲ್ಲಿ ತಳ್ಳಿದರೆ ಎದುರಿನ ರಾಜ ಬಂದು ದಾರಿಗೆ ಅಡ್ಡ ಕೂತುಬಿಡುತ್ತಾನೆ, ಆಟ ಸಮ. ಕಾಲಾಳನ್ನು ಇದ್ದಲ್ಲೇ ಬಿಟ್ಟು ನಮ್ಮ ರಾಜ ತಾನೇ ಮುಂದೆ ನಡೆದು ದಾರಿ ಬಿಡಿಸಿದರೆ ಗೆಲುವು. ಇದನ್ನು ಅವರು ಒಮ್ಮೆಯೂ ಹೇಳಿಕೊಡಲಿಲ್ಲ. ನಾನೇ ಕಂಡುಕೊಳ್ಳುವವರೆಗೂ ಕಾದರು. ಎರಡು ತಿಂಗಳಾದ ಮೇಲೆ ಒಂದು ಸಂಜೆ ನನಗೆ ಅದು ಹೊಳೆದಾಗ ಅವರು ಮಿಷನ್ನು ತುಳಿಯುವುದನ್ನು ನಿಲ್ಲಿಸಿ ಚೀಲಕ್ಕೆ ಕೈ ಹಾಕಿ ಒಂದು ಆನೆ ಕೊಟ್ಟರು. ಹೀಗೆ ಒಂದೊಂದು ಕಾಯಿಯನ್ನೂ ದುಡಿದು ಪಡೆದು, ಬೋರ್ಡು ತುಂಬುವಷ್ಟರಲ್ಲಿ ಒಂದೂವರೆ ವರ್ಷವಾಗಿತ್ತು.

ಆಟದ ಆರಂಭದ ನಡೆಗಳನ್ನು, ಓಪನಿಂಗ್ ಎನ್ನುತ್ತೇವಲ್ಲ, ಅದನ್ನು ಅವರು ಎಲ್ಲಕ್ಕಿಂತ ಕೊನೆಗೆ ತೆಗೆದರು. ಅದೂ ಪುಸ್ತಕದಿಂದಲ್ಲ. ಒಂದು ಆಟ ಸೋಲಬೇಕು. ಸೋತ ಮೇಲೆ ಹಿಂದಕ್ಕೆ ಹಿಂದಕ್ಕೆ ಹೋಗಿ, ಮೊದಲು ಕೆಟ್ಟದ್ದು ಯಾವ ನಡೆಯಲ್ಲಿ ಎಂದು ಹುಡುಕಬೇಕು. ಸಿಕ್ಕಿತೋ, ಆ ಒಂದು ನಡೆಯ ಬದಲು ಯಾವುದು ಆಗಬೇಕಿತ್ತು, ಯಾಕೆ ಆಗಬೇಕಿತ್ತು — ಅಷ್ಟನ್ನೇ ಆ ದಿನ ಕಲಿಯಬೇಕು. ಮುಂದಿನ ಸೋಲಿಗೆ ಮುಂದಿನ ನಡೆ. ಒಟ್ಟಿಗೆ ಹತ್ತು ನಡೆ ಬರೆದುಕೊಡಿ ಎಂದು ಒಮ್ಮೆ ಕೇಳಿದ್ದಕ್ಕೆ, "ಮೈ ನೋಡ್ದೆ ಅಳತೆ ಬರ್ಕೊಂಡ್ರೆ ಅಂಗಿ ಕೂರ್ತದೇನ್ಲಾ?" ಎಂದು ಬೈದರು.

ಇಷ್ಟು ಗೊತ್ತಿದ್ದವನು ನಾನು. ನನ್ನ ಮೇಜುಗಳ ಮುಂದೆ ಮಕ್ಕಳು ಕೂತಾಗ ಮಾತ್ರ ಅದನ್ನೆಲ್ಲ ಪಕ್ಕಕ್ಕಿಟ್ಟೆ. ಎರಡು ತಿಂಗಳು ಎರಡೇ ಕಾಯಿ ಎಂದರೆ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ? ಪುಟ್ಟ ಮಕ್ಕಳ ಪಂದ್ಯಗಳಲ್ಲಿ ಓಪನಿಂಗ್ ಬಾಯಿಪಾಠ ಮಾಡಿದವನೇ ಗೆಲ್ಲುತ್ತಾನೆ. ಎದುರಿನ ಮಗುವಿಗೆ ಏನೂ ಗೊತ್ತಿರುವುದಿಲ್ಲ. ಹತ್ತು ನಡೆಯೊಳಗೆ ಬಲೆಗೆ ಬೀಳುತ್ತದೆ. ಮೂರೇ ತಿಂಗಳಿಗೆ ಬಹುಮಾನದ ಕಪ್ಪು ಬರುತ್ತದೆ. ಕಪ್ಪನ್ನು ಕಿಟಕಿಯಲ್ಲಿಟ್ಟರೆ ಕೆಳಗೆ ಬಜಾರಿನಲ್ಲಿ ಹೋಗುವವರಿಗೆ ಕಾಣುತ್ತದೆ. ನಾನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ನಡೆಗಳನ್ನೆಲ್ಲ ಬರೆದೆ, ಪೇಜಿಗೊಂದು ದಾರಿ. ಅದಕ್ಕೆ ಮಕ್ಕಳು ಇಟ್ಟ ಹೆಸರು ಚೆಸ್ ಮಗ್ಗಿ — ಯಾವ ಕಾಯಿ ಬೋರ್ಡಿನ ಯಾವ ಮನೆಗೆ ಎಂದು. ಇ ನಾಲ್ಕು, ಇ ಐದು. ಕುದುರೆ ಎಫ್ ಮೂರು, ಕುದುರೆ ಸಿ ಆರು. ಒಂಟೆ ಸಿ ನಾಲ್ಕು, ಕುದುರೆ ಎಫ್ ಆರು. ಕುದುರೆ ಜಿ ಐದು… ಹದಿನಾರು ಮಕ್ಕಳು ರಾಗವಾಗಿ ಹೇಳುತ್ತ ಬೋರ್ಡಿನ ಮೇಲೆ ಬೆರಳಾಡಿಸುತ್ತಿದ್ದರೆ ನನಗೆ ನನ್ನ ಹಳೆಯ ಮಿಷನ್ನುಗಳ ಸದ್ದೇ ವಾಪಸು ಬಂದಂತಾಗುತ್ತಿತ್ತು. ಆ ಸದ್ದಿಗೆ ನಾನು ಎಷ್ಟು ಹಸಿದಿದ್ದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಗ ನೀನು ಬಂದೆ. ಎಂಟು ವರ್ಷ ನಿನಗೆ. ಕವಲಂದೆಯ ಹಾಲಿನ ಡೈರಿಯಲ್ಲಿ ಹಾಲು ಅಳೆಯುವ ಮಲ್ಲಣ್ಣನ ಮಗಳು. ಭಾನುವಾರ ಬೆಳಗಿನ ಹಾಲು ಮುಗಿಸಿ, ಕೈಕಾಲು ತೊಳೆದು, ನಿನ್ನ ಅಪ್ಪ ನಿನ್ನನ್ನು ರೈಲಿಗೆ ಹತ್ತಿಸಿಕೊಂಡು ಬರುತ್ತಿದ್ದರು. ಕ್ಲಾಸು ಮುಗಿಯುವವರೆಗೂ ಮೆಟ್ಟಿಲ ಮೇಲೇ ಕೂತಿರುತ್ತಿದ್ದರು. ಮೊದಲನೇ ದಿನವೇ ನೀನು ಮಗ್ಗಿಯ ಮಧ್ಯೆ ಕೈಯೆತ್ತಿ ಕೇಳಿದೆ.

"ಸಾ, ಕುದ್ರೆ ಯಾಕ್ ಅಲ್ಲಿಗೇ ಓಗ್ಬೇಕು? ಇಲ್ಲಿಗೆ ಓದ್ರೆ ಏನಾಯ್ತದೆ?"

"ಯೋಚನೆ ಮಾಡ್ಬೇಡ. ಬೆರಳು ಹೋಗ್ಲಿ."

ಎರಡನೇ ಭಾನುವಾರ ಮತ್ತೆ ಕೇಳಿದೆ. ಮೂರನೇ ಭಾನುವಾರವೂ. ನಾನು ಅದೇ ಉತ್ತರ ಕೊಟ್ಟೆ. ನಾಲ್ಕನೇ ವಾರ ನೀನು ಕೇಳಲಿಲ್ಲ. ನನಗೆ ಸಮಾಧಾನವಾಯಿತು, ಹುಡುಗಿ ದಾರಿಗೆ ಬಂದಳು ಎಂದುಕೊಂಡೆ. ಒಂದು ಮಗುವಿನ ಒಳಗೆ ಏನೋ ಒಂದು ಮುಚ್ಚಿಕೊಂಡಿತು, ನಾನು ಅದನ್ನು ಶಿಸ್ತು ಅಂದುಕೊಂಡೆ.

ಆಮೇಲಿನದು ಊರಿಗೇ ಗೊತ್ತು. ನಿನ್ನ ನೆನಪಿನ ಶಕ್ತಿ ನಾನು ಬೇರೆ ಯಾವ ಮಗುವಿನಲ್ಲೂ ಕಾಣದ್ದು. ಮೊದಲ ವರ್ಷದಲ್ಲೇ ನಲವತ್ತು ಪೇಜು ನುಂಗಿದೆ. ಕಿಟಕಿಯ ಕಪ್ಪುಗಳಲ್ಲಿ ಮುಕ್ಕಾಲು ಪಾಲು ನಿನ್ನವು. ಪೇಪರಿನಲ್ಲಿ ನಿನ್ನ ಫೋಟೋ ಬಂತು, ಪಕ್ಕದಲ್ಲಿ ನಾನು, ಹೊಟ್ಟೆ ಎಳೆದುಕೊಂಡು ನಿಂತಿದ್ದೇನೆ. ಊರಿನ ದೊಡ್ಡ ಮನೆಯವರೆಲ್ಲ ಮಕ್ಕಳನ್ನು ಕರೆತಂದು, ನಮ್ಮ ಮಗುವನ್ನೂ ಆ ಕವಲಂದೆ ಹುಡುಗಿಯ ಹಾಗೆ ಮಾಡಿ ಎನ್ನುತ್ತಿದ್ದರು. ಬೀದಿಯಲ್ಲಿ ಹೋದರೆ ಮೇಷ್ಟ್ರೇ ಎಂದು ನಾಲ್ಕು ಜನ ಕರೆಯುವಂತಾಯಿತು. ನನಗೆ ಬೇಕಿದ್ದದ್ದು ಅದೇ.

ನಿನಗೆ ಹತ್ತು ವರ್ಷವಾದಾಗ ನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ ಪಂದ್ಯ. ನೀನು ಏಳಕ್ಕೆ ಏಳೂ ಗೆದ್ದೆ. ಒಂದು ಆಟವೂ ಇಪ್ಪತ್ತು ನಡೆ ದಾಟಲಿಲ್ಲ. ಮಧ್ಯಾಹ್ನದ ಮೇಲೆ ರಾಚಪ್ಪನವರು ಬಂದರು. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟು ಆಗಲೇ ಕೆಲವು ವರ್ಷವಾಗಿತ್ತು. ನಿನ್ನ ಕೊನೆಯ ಎರಡು ಆಟಗಳನ್ನು ಕುರ್ಚಿಯನ್ನು ಬೋರ್ಡಿನ ಹತ್ತಿರಕ್ಕೆ ಎಳೆದುಕೊಂಡು ಕೂತು ನೋಡಿದರು. ಬಹುಮಾನ ಕೊಡುವುದಕ್ಕೆ ಇನ್ನೂ ಸಮಯವಿತ್ತು. ನಿನ್ನನ್ನು ಕರೆದು, ಜೇಬಿನಿಂದ ಅದೇ ಚೂರು ಬಟ್ಟೆಯ ಚೀಲ ತೆಗೆದು, ನಿನಗೊಂದು ರಾಜ, ಒಂದು ಕಾಲಾಳು ಇಟ್ಟರು. ತಮಗೊಂದು ಒಂಟಿ ರಾಜ.

"ಗೆಲ್ಲವ್ವ," ಎಂದರು.

ನೀನು ಬೋರ್ಡು ನೋಡಿದೆ, ನನ್ನನ್ನು ನೋಡಿದೆ. "ಸಾ, ಇದು ಎಷ್ಟ್ನೇ ಪೇಜು?" ಎಂದೆ.

ಆ ಮಾತು ಕೇಳಿ ರಾಚಪ್ಪನವರು ನನ್ನ ಮುಖವನ್ನೇ ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ. ಆಮೇಲೆ ಅವರು ನಿನಗೆ ಮೆಲ್ಲಗೆ ಹೇಳಿದರು. "ಇದುಕ್ಕೆ ಪೇಜಿಲ್ಲ ಕಣವ್ವ. ಸುಮ್ನೆ ನೋಡು. ನಂಗೇನೂ ಅರ್ಜೆಂಟಿಲ್ಲ."

ಆಟದಲ್ಲಿ ನಿನ್ನ ತುಟಿ ಸದಾ ಮಗ್ಗಿ ಹೇಳುತ್ತ ಅಲುಗುತ್ತಿರುತ್ತಿತ್ತು. ಅವತ್ತು ನಿಂತುಹೋಯಿತು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೀನು ನೋಡುತ್ತ ಕೂತೆ. ಐದು ನಿಮಿಷ, ಹತ್ತು ನಿಮಿಷ. ಮೈಕಿನಲ್ಲಿ ಯಾರದೋ ಹೆಸರು ಕೂಗುತ್ತಿದ್ದರು, ನಿನಗೆ ಕೇಳಲೇ ಇಲ್ಲ. ಕಾಲಾಳಿನ ಕಡೆ ಒಮ್ಮೆ ಬೆರಳು ತಂದು, ತಡೆದು, ರಾಜನನ್ನು ಎತ್ತಿ ಮುಂದಿಟ್ಟೆ. ರಾಚಪ್ಪನವರು ಅಡ್ಡ ಬಂದರು. ನೀನು ಮತ್ತೆ ರಾಜನನ್ನೇ ನಡೆಸಿದೆ. ಹಾಗೇ ದಾರಿ ಬಿಡಿಸಿಕೊಂಡು ಹೋಗಿ ಕಾಲಾಳನ್ನು ಕೊನೆಯ ಮನೆಗೆ ಮುಟ್ಟಿಸಿದೆ. ನನಗೆ ಎರಡು ತಿಂಗಳು ಹಿಡಿದಿದ್ದು, ಭಾಗ್ಯ. ನಿನಗೆ ಹಿಡಿದದ್ದು ಕಾಲು ಗಂಟೆ. ಗೆದ್ದ ಮೇಲೆ ನೀನು ಜೋರಾಗಿ ನಕ್ಕೆ — ಎರಡು ವರ್ಷದಲ್ಲಿ ಬೋರ್ಡಿನ ಮುಂದೆ ನೀನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ರಾಚಪ್ಪನವರು ನನ್ನ ತೋಳು ಹಿಡಿದು ಹೊರಗೆ, ಚಪ್ಪಲಿ ಬಿಡುವ ಜಾಗಕ್ಕೆ ಕರೆದುಕೊಂಡು ಹೋದರು.

"ಒಳ್ಗೆ ಆಡ್ತಿದ್ದದ್ದು ಈ ಮಗ ಅಲ್ಲ ಕಣಪ್ಪ, ನಿನ್ನ ಬುಕ್ಕು. ಈಗ ಆಡ್ತಲ್ಲ, ಇದು ಮಗ. ಎಂಥಾ ತಲೆ ಅದೆ ಅದುಕ್ಕೆ! ಒಂದ್ ವರ್ಸ ಪಂದ್ಯ ಗಿಂದ್ಯ ಬುಡ್ಸು. ಭಾನ್ವಾರ ಭಾನ್ವಾರ ನಂತಾವ ಕಳ್ಸು. ನನ್ಗೂ ಜಾಸ್ತಿ ದಿನ ಇಲ್ಲ. ಅವರಪ್ಪಂಗೆ ಇವತ್ತೇ ಏಳು."

"ಹೇಳ್ತೀನಿ," ಎಂದೆ.

ನಿನ್ನ ಅಪ್ಪ ಹತ್ತು ಹೆಜ್ಜೆ ಆಚೆ, ಕಪ್ಪನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದುಕೊಂಡು ನಿಂತಿದ್ದರು. ಹತ್ತು ಹೆಜ್ಜೆ. ನಾನು ಆ ಕಡೆ ನಡೆದೆ ಕೂಡ. ನಡೆಯುತ್ತಲೇ ಲೆಕ್ಕ ಹಾಕಿದೆ — ಒಂದು ವರ್ಷ ಭಾಗ್ಯ ಇಲ್ಲದ ಕ್ಲಾಸು, ಭಾಗ್ಯ ಇಲ್ಲದ ಕಿಟಕಿ. ಆಮೇಲೆ ಅವಳು ಗೆದ್ದರೆ ಅದು ನರಸೀಪುರದ ಟೈಲರ್ ಕಲಿಸಿದ್ದು ಎನ್ನುತ್ತಾರೆ. ಹತ್ತಿರ ಹೋಗಿ ನಿನ್ನ ಅಪ್ಪನಿಗೆ ಹೇಳಿದ್ದು ಏನೆಂದರೆ, ನಂಜನಗೂಡಿನ ಬಸ್ಸು ಎಷ್ಟು ಹೊತ್ತಿಗಿದೆಯೋ ವಿಚಾರಿಸಿ ಎಂದು.

ಬಸ್ಸಿನಲ್ಲಿ ನೀನು ಕೇಳಿದೆ. "ಸಾ, ಆ ತಾತ ಏನಂದ್ರು?"

"ಚೆನ್ನಾಗಿ ಆಡ್ತಾಳೆ ಅಂದ್ರು."

"ಇನ್ನೊಂದ್ ಸಲ ಆಡುಸ್ತಾರಾ?"

"ನೋಡೋಣ."

ದಾರಿಯುದ್ದಕ್ಕೂ ನೀನು ಕಿಟಕಿಯ ಗಾಜಿನ ಮೇಲೆ ಬೆರಳಲ್ಲಿ ಬೋರ್ಡಿನ ಮನೆಗಳನ್ನು ಬರೆದು, ಅದರಲ್ಲಿ ಕಾಣದ ರಾಜನನ್ನು ನಡೆಸುತ್ತಿದ್ದೆ. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ. ಮುಂದಿನ ವರ್ಷ ಬೇಸಿಗೆಯಲ್ಲಿ ರಾಚಪ್ಪನವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಆ ಮಗು ಬರಲೇ ಇಲ್ಲವಲ್ಲ ಎಂದು ಅಪ್ಪ ಎರಡು ಮೂರು ಸಲ ಕೇಳಿದ್ದರು ಎಂದು ಅವರ ಮಗಳು ನನಗೆ ಹೇಳಿದಳು. ಯಾವ ಮಗುವೋ ಏನೋ, ವಯಸ್ಸಾಗಿತ್ತಲ್ಲ ಎಂದುಬಿಟ್ಟೆ. ಅವರ ಹೆಣ ಇನ್ನೂ ಮನೆಯ ಮುಂದೆಯೇ ಇತ್ತು.

ನೀನು ಹದಿಮೂರಕ್ಕೆ ಬಂದಾಗ ಆಗಬೇಕಾದದ್ದು ಆಯಿತು. ಮೈಸೂರಿನಲ್ಲಿ ಪಂದ್ಯ. ಎದುರಿಗೆ ಆಟಕ್ಕೆ ಹೊಸಬನಾದ ಒಬ್ಬ ಹುಡುಗ. ಮೂರನೇ ನಡೆಯಲ್ಲೇ ಅವನು ಅಂಚಿನ ಕಾಲಾಳನ್ನು ಒಂದು ಮನೆ ಸುಮ್ಮನೆ ತಳ್ಳಿದ. ಕೆಟ್ಟ ನಡೆ, ಯಾವ ಅರ್ಥವೂ ಇಲ್ಲದ್ದು. ಅಷ್ಟು ಕೆಟ್ಟ ನಡೆಯನ್ನು ಯಾರೂ ಆಡುವುದಿಲ್ಲವೆಂದುಕೊಂಡು ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದೇ ಇರಲಿಲ್ಲ. ನಾನು ನೋಡುವವರಿಗೆಂದು ಕಟ್ಟಿದ್ದ ಹಗ್ಗದ ಆಚೆ ನಿಂತು ನೋಡುತ್ತಿದ್ದೆ. ನಿನ್ನ ಬೆರಳು ಮೇಲೆದ್ದು ಗಾಳಿಯಲ್ಲೇ ನಿಂತಿತು. ತುಟಿ ಅಲುಗಲು ಶುರುವಾಯಿತು. ನೀನು ಪೇಜು ಹುಡುಕುತ್ತಿದ್ದೆ — ಒಂದನೆಯದರಿಂದ ನೂರ ಇಪ್ಪತ್ತನೆಯದರವರೆಗೆ, ಸಿಗದೆ ಮತ್ತೆ ಮೊದಲಿನಿಂದ. ನಲವತ್ತು ನಿಮಿಷ. ಆಮೇಲೆ ಗಾಬರಿಯಲ್ಲಿ ಏನೋ ಆಡಿದೆ, ಇನ್ನೇನೋ ಆಡಿದೆ, ಕುದುರೆ ಹೋಯಿತು, ರಾಣಿ ಹೋಯಿತು. ಆ ಹುಡುಗನಿಗೇ ಗೆದ್ದದ್ದು ನಂಬಿಕೆಯಾಗಲಿಲ್ಲ. ಮುಂದಿನ ಪಂದ್ಯಗಳಲ್ಲಿ ಸುದ್ದಿ ಹಬ್ಬಿತ್ತು: ನಂಜನಗೂಡಿನ ಹುಡುಗಿ ಸಿಕ್ಕರೆ ಬೇಕೆಂದೇ ಏನಾದರೊಂದು ತಲೆಹರಟೆ ನಡೆ ಆಡಿ, ಸಾಕು. ಮೂರು ಪಂದ್ಯದಲ್ಲಿ ನೀನು ಸತತವಾಗಿ ಸೋತೆ. ಕಲಿತ ನಡೆಗಳಿಂದಾಚೆ ಕಾಲಿಡುವುದಕ್ಕೆ ನಿನಗೆ ನಾನು ಬಿಟ್ಟಿದ್ದರೆ ತಾನೇ?

ಮೂರನೆಯದನ್ನು ಸೋತು ಬಂದ ದಿನ ನಂಜನಗೂಡು ಸ್ಟೇಷನ್ನಿನ ಹೊರಗೆ, ಟೀ ಅಂಗಡಿಯ ಮುಂದೆ, ನಿನ್ನ ಅಪ್ಪ ನನ್ನನ್ನು ನಿಲ್ಲಿಸಿಕೊಂಡರು. ಅವರ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ.

"ಸಾ, ನಾವು ಹಾಲಳೆಯೋರು. ನಂಗೆ ಈ ಆಟ ತಿಳ್ಯಲ್ಲ. ನೀವು ಒಂದ್ ಮಾತ್ ಏಳ್ಬುಡಿ. ನನ್ನ ಮಗೀಗೆ ತಲೆ ಅದಾ, ಇಲ್ವಾ? ಅದೆ ಅಂದ್ರೆ ನಾನ್ ಬುಡಲ್ಲ, ಇನ್ನೂ ಎಷ್ಟ್ ವರ್ಸ ಆದ್ರೂ ಕರ್ಕೊಂಡ್ ಬತ್ತೀನಿ."

ಅವರ ಹಿಂದೆ ನೀನು ಬ್ಯಾಗು ಎದೆಗೆ ಅವುಚಿಕೊಂಡು ನಿಂತು ನನ್ನ ಮುಖವನ್ನೇ ನೋಡುತ್ತಿದ್ದೆ. ಇದೆ ಎಂದು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ — ಮತ್ತೆ ಸೋಲುವುದು ಯಾಕೆ? ಅದಕ್ಕೆ ನನ್ನಲ್ಲಿದ್ದದ್ದು ಒಂದೇ ಉತ್ತರ, ನಾನು. ಎರಡಕ್ಷರ ಅದು. ಬಾಯಿಗೆ ಬರಲಿಲ್ಲ. ಬಂದದ್ದು ಇದು:

"ನೋಡಿ ಮಲ್ಲಣ್ಣ, ಹುಡುಗಿ ಬಾಯಿಪಾಠದಲ್ಲಿ ಗಟ್ಟಿ. ಯೋಚನೆ ಮಾಡೋ ತಲೆ ಅನ್ನೋದು ಹುಟ್ತಾನೇ ಬರ್ಬೇಕು. ಇವಳಿಗೆ ಅದು ಬಂದಿಲ್ಲ. ಇವಳದು ಇಷ್ಟೇ."

ನಿನ್ನ ಅಪ್ಪ, "ಆಯ್ತು ಸಾ. ನೀವು ನೆಟ್ಗೆ ಏಳುದ್ರಿ, ಬೇರೆಯೋರಾಗಿದ್ರೆ ಆಸೆ ಅಚ್ಚೋರು," ಎಂದು ನನಗೆ ಕೈ ಮುಗಿದರು. ನೀನು ಅಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಅಪ್ಪನಿಗಿಂತ ಮುಂದೆ ಪ್ಲಾಟ್‌ಫಾರಮ್ಮಿಗೆ ನಡೆದೆ. ಅದೇ ಕೊನೆ, ಆಮೇಲೆ ನೀನು ಬರಲಿಲ್ಲ.

ಮೂರು ವರ್ಷದ ಮೇಲೆ ಬಜಾರಿನಲ್ಲಿ ನಿನ್ನ ಅಪ್ಪ ಸಿಕ್ಕಿದರು. ಹತ್ತನೇ ತರಗತಿಯಲ್ಲಿ ಲೆಕ್ಕಕ್ಕೆ ನಿನಗೆ ಒಳ್ಳೆಯ ಮಾರ್ಕು ಬಂದಿತ್ತಂತೆ. ಸೈನ್ಸು ಕೊಡಿಸಿ ಎಂದು ಸ್ಕೂಲಿನವರು ಮನೆಗೇ ಬಂದು ಹೇಳಿದರಂತೆ. "ಅವಳೇ ಬ್ಯಾಡ ಅಂದ್ಬುಟ್ಲು ಸಾ. ಮಾರ್ಕು ಬಾಯಿಪಾಠುಕ್ಕೆ ಬಂದದ್ದು, ಯೋಚ್ನೆ ಮಾಡೋ ತಲೆ ನಂಗಿಲ್ಲ ಅಂತ ಚೆಸ್ ಸಾರೇ ಏಳವ್ರಲ್ಲ, ಅಂತಾಳೆ. ನಿಮ್ ಮಾತು ಅಂದ್ರೆ ಅವಳ್ಗೆ ದೇವ್ರ ಮಾತು." ಆಗಲೂ ಕಾಲ ಮೀರಿರಲಿಲ್ಲ. ಅಲ್ಲೇ, ಆ ಬಾಳೆಹಣ್ಣಿನ ಗಾಡಿಯ ಪಕ್ಕದಲ್ಲೇ ಹೇಳಬಹುದಿತ್ತು. ನಾನು ಅರ್ಧ ಡಜನ್ ಹಣ್ಣು ತೆಗೆದುಕೊಂಡು, ಒಳ್ಳೆಯದಾಗಲಿ ಎಂದು ಹೇಳಿ ಮನೆಗೆ ಬಂದೆ.

ಆ ಕ್ಲಾಸನ್ನು ಮತ್ತೂ ಎಷ್ಟೋ ವರ್ಷ ನಡೆಸಿದೆ. ಎಂಟು ವರ್ಷಕ್ಕೆ ಬಂದು, ಹನ್ನೊಂದಕ್ಕೆ ಕಪ್ಪು ಗೆದ್ದು, ಹದಿಮೂರಕ್ಕೆ ಮುದುಡಿ ಬಿಟ್ಟುಹೋದ ಮಕ್ಕಳು ನೀನೊಬ್ಬಳೇ ಅಲ್ಲ. ಅವರ ಲೆಕ್ಕ ನಾನು ಇಟ್ಟಿಲ್ಲ. ಕಳೆದ ವರ್ಷ ಮೆಟ್ಟಿಲು ಹತ್ತುವುದಕ್ಕೆ ಮಂಡಿ ಬಿಡದಂತಾಗಿ ಕ್ಲಾಸು ಮುಚ್ಚಿದೆ. ನೋಡು, ಬುದ್ಧಿ ಬಂದು ಮುಚ್ಚಿದ್ದೂ ಅಲ್ಲ.

ಹೋದ ತಿಂಗಳು ನಾನು ಕವಲಂದೆಗೆ ಬಂದದ್ದು ಯಾಕೆಂದು ನಿನಗೆ ಈಗ ತಿಳಿದಿರಬೇಕು. ರೈಲಿಳಿದು, ವಿಚಾರಿಸಿಕೊಂಡು, ನಿಮ್ಮ ಬೀದಿಗೆ ತಿರುಗಿದೆ. ನೀನು ಮನೆಯ ಜಗಲಿಯ ಮೇಲೆ ಮಕ್ಕಳಿಗೆ ಟ್ಯೂಷನ್ ಹೇಳುತ್ತೀಯೆಂದು ಗೊತ್ತಿತ್ತು, ಚೆಸ್ಸನ್ನೂ ಹೇಳುತ್ತೀಯೆಂದು ಗೊತ್ತಿರಲಿಲ್ಲ. ಮನೆ ಇನ್ನೂ ಕಾಣುವ ಮೊದಲೇ ಸದ್ದು ಕೇಳಿತು. ಇ ನಾಲ್ಕು, ಇ ಐದು. ಕುದುರೆ ಎಫ್ ಮೂರು, ಕುದುರೆ ಸಿ ಆರು… ನನ್ನದೇ ರಾಗ, ನಾನು ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ ಉಸಿರು. ಮಧ್ಯೆ ಒಂದು ಪುಟ್ಟ ಹುಡುಗಿಯ ದನಿ ಎದ್ದಿತು, "ಯಾಕ್ ಮಿಸ್ಸು? ಒಂಟೆ ಯಾಕ್ ಅಲ್ಲಿಗೇ?"

ನೀನು ಹೇಳಿದೆ, ಬಹಳ ಪ್ರೀತಿಯಿಂದಲೇ ಹೇಳಿದೆ. "ಯೋಚ್ನೆ ಮಾಡ್ಬ್ಯಾಡ ಪುಟ್ಟ. ಬೆರಳು ಓಗ್ಲಿ."

ಎದುರು ಮನೆಯ ಕಟ್ಟೆ ಹಿಡಿದುಕೊಂಡು ನಿಂತೆ. ವಾಪಸು ಹೋಗಿಬಿಡೋಣ ಎಂದೂ ಅನಿಸಿತು.

ನೀನು ನನ್ನನ್ನು ನೋಡಿ ಓಡಿ ಬಂದೆ. ನನ್ನ ಕಾಲಿಗೆ ಬಿದ್ದೆ. ಮಕ್ಕಳಿಗೆ, ಇವರೇ ನಮ್ಮ ಸಾರು ಎಂದು ತೋರಿಸಿ ಆಡಲು ಕಳಿಸಿದೆ. ನಾನು ಕೂತವನೇ ಎಲ್ಲ ಹೇಳಿಬಿಟ್ಟೆ — ರಾಚಪ್ಪನವರ ಮಾತು, ಆ ಹತ್ತು ಹೆಜ್ಜೆ, ಸ್ಟೇಷನ್ನಿನ ಮುಂದೆ ಹೇಳಿದ ಸುಳ್ಳು. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ನೀನು ಬೈಯುತ್ತೀಯ ಎಂದುಕೊಂಡೆ. ಎದ್ದು ಒಳಗೆ ಹೋಗಿಬಿಟ್ಟಿದ್ದರೂ ಆಗುತ್ತಿತ್ತು. ನೀನು ಒಳಗೆ ಹೋದದ್ದು ನೀರು ತರುವುದಕ್ಕೆ.

"ಬುಡಿ ಸಾ," ಎಂದೆ, ಲೋಟ ನನ್ನ ಕೈಗೆ ಕೊಟ್ಟು. "ನಂಗೆ ತಲೆ ಇಲ್ಲ ಅಂತ ನಂಗೇ ಗೊತ್ತಲ್ಲ. ಅದುನ್ನ ಯಾಕ್ ನಿಮ್ ಮೈಮ್ಯಾಲೆ ಆಕ್ಕತೀರಾ? ನನ್ನ ಸಮಾಧಾನ ಮಾಡಕ್ಕೆ ಇಷ್ಟ್ ದೂರ ಬಂದ್ರಾ? ಆ ತಾತುನ್ ಮುಂದೆ ಗೆದ್ದುದ್ದು ಏನೋ ಅದೃಷ್ಟ ಸಾ. ತಾತನೇ ಬುಟ್ಕೊಟ್ಟಿರ್ಬೇಕು. ನಾನೇ ಲೇಟಾಗಿ ಶುರು ಮಾಡ್ದೆ, ಎಂಟು ವರ್ಸುಕ್ಕೆ. ಅದುಕ್ಕೇ ಈ ಮಕ್ಕಳ್ಗೆ ಐದ್ನೇ ವರ್ಸುಕ್ಕೇ ಬಾಯಿಪಾಠ ಮಾಡುಸ್ತಿವ್ನಿ."

ನಾನು ಮಕ್ಕಳ ಪ್ಲಾಸ್ಟಿಕ್ ಬೋರ್ಡನ್ನು ಎಳೆದುಕೊಂಡು, ಒಂದು ರಾಜ, ಒಂದು ಕಾಲಾಳು ಇಟ್ಟೆ. ಎದುರಿಗೆ ಒಂಟಿ ರಾಜ. ಆಡು ಎಂದೆ. ನೀನು ನಕ್ಕು ಬೇಡವೆಂದೆ. ನಾನು ಕೈ ಮುಗಿದೆ. ಆಗ ನೀನು ಬೋರ್ಡು ನೋಡಿದೆ. ನಿನ್ನ ತುಟಿ ಅಲುಗಲಿಲ್ಲ. ಕೈ ಮೇಲೆದ್ದಿತು, ಬೆರಳು ಕಾಲಾಳನ್ನು ದಾಟಿ ಹೋಗಿ ರಾಜನ ತಲೆಯ ಮೇಲೆ ನಿಂತಿತು. ಇನ್ನೊಂದು ಗಳಿಗೆ — ಇನ್ನೊಂದೇ ಗಳಿಗೆ ನೀನು ಅಲ್ಲೇ ಇಟ್ಟುಕೊಂಡಿದ್ದರೆ. ಬೆರಳು ಬಿಸಿ ತಗಲಿದಂತೆ ಹಿಂದೆ ಬಂತು.

"ಬ್ಯಾಡಿ ಸಾ. ಇದು ಯೋಚ್ನೆ ಮಾಡೋದು. ನಂಗಾಗಲ್ಲ."

"ಸರಿಯಾಗಿತ್ತಮ್ಮ! ನಿನ್ನ ಬೆರಳು ಹೋಗಿದ್ದು ಸರಿಯಾಗೇ ಇತ್ತು!" ಎಂದು ನಾನು ಕೂಗಿದೆ.

"ನೀವು ಯಾವತ್ತೂ ಒಳ್ಳೇರೇ ಸಾ," ಎಂದೆ ನೀನು, ಕಾಯಿಗಳನ್ನು ಡಬ್ಬಿಗೆ ತುಂಬುತ್ತ.

ನಿನ್ನ ಅಪ್ಪ ಸಂಜೆಯ ಹಾಲು ಮುಗಿಸಿ ಬರುವ ಹೊತ್ತಾಗಿತ್ತು. ಅವರ ಮುಖ ನೋಡುವ ಧೈರ್ಯ ಸಾಲದೆ, ರೈಲಿಗೆ ತಡವಾಯಿತೆಂದು ಎದ್ದುಬಿಟ್ಟೆ. ಈ ಬರಹದ ಒಂದು ಪ್ರತಿಯನ್ನು ಡೈರಿಯ ವಿಳಾಸಕ್ಕೆ ಅವರ ಹೆಸರಿಗೇ ಕಳಿಸುತ್ತೇನೆ. ಅವರು ನನಗೆ ಕೈ ಮುಗಿದಿದ್ದಾರೆ, ಅದನ್ನು ವಾಪಸು ತೆಗೆದುಕೊಳ್ಳಲಿ. ನೀನು ಇದನ್ನು ಓದಿಯೂ, ಪಾಪ, ಸಾರು ಎಷ್ಟು ನೊಂದುಕೊಂಡಿದ್ದಾರೆ ಎನ್ನುತ್ತೀಯ. ಅಷ್ಟು ಚೆನ್ನಾಗಿ ಕಲಿಸಿದ್ದೇನೆ ನಿನಗೆ, ಅದನ್ನು ಅಳಿಸುವ ಪಾಠ ನನಗೆ ಬರುವುದಿಲ್ಲ. ಅವತ್ತು ನಿನ್ನ ಮನೆಯ ಗೇಟು ದಾಟುವಷ್ಟರಲ್ಲಿ ಮಕ್ಕಳು ಮತ್ತೆ ಬಂದು ಕೂತಿದ್ದರು, ಮಗ್ಗಿ ಶುರುವಾಗಿತ್ತು. ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಯಾಕೆ ಎಂದು ಕೇಳಿದ್ದ ಆ ಪುಟ್ಟ ಹುಡುಗಿಯ ದನಿಯೂ ಅದರಲ್ಲಿ ಸೇರಿಕೊಂಡಿತ್ತು, ಎಲ್ಲರಿಗಿಂತ ಗಟ್ಟಿಯಾಗಿ.